ಹದಿನಾಲ್ಕನೆಯ ಮನೆಯ ನೀರು

ನಮ್ಮ ಫಾರ್ಮಿನಲ್ಲಿ ಏಳು ಕಾಲಮ್ಮುಗಳಿದ್ದವು. ಮನೆಯ ಸಂಖ್ಯೆ, ಗಂಟೆ, ಬಾಗಿಲು ತೆರೆದವರು, ಅವರ ಮೊದಲ ಮಾತು, ಬಾಡಿಗೆಯ ಖೋಲಿ ತೋರಿಸಿದರೋ ಇಲ್ಲವೋ, ಇಲ್ಲವೆಂದರೆ ಕೊಟ್ಟ ಕಾರಣ, ಕೊನೆಗೆ ನೀರು. ಈ ಕೊನೆಯ ಕಾಲಮ್ಮನ್ನು ಸೇರಿಸಿದವಳು ನಾನು. ಕುಡಿಯಲು ನೀರು ಕೇಳಬೇಕು, ಕೊಟ್ಟರೆ ಯಾವ ಪಾತ್ರೆಯಲ್ಲಿ, ಎಲ್ಲಿ ನಿಲ್ಲಿಸಿ ಕೊಟ್ಟರು ಎಂದು ಬರೆಯಬೇಕು. ಬೇರೆ ದೇಶಗಳ ತಂಡದವರಿಗೆ ಇದು ಯಾಕೆ ಬೇಕೆಂದು ಅರ್ಥವಾಗಿರಲಿಲ್ಲ. ನಮ್ಮ ಕಡೆ ಬೇಕು ಎಂದು ಹೇಳಿ ಸೇರಿಸಿದ್ದೆ. ಹೆಸರಿಗೆ ಒಂದು ಕಾಲಮ್ಮು ಬೇಕೆಂದು ಹೇಳಲಿಲ್ಲ. ಅದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಧ್ಯಯನ ನಡೆಯುತ್ತಿದ್ದದ್ದು ನಾಲ್ಕು ದೇಶಗಳ ನಾಲ್ಕು ಊರುಗಳಲ್ಲಿ. ಬಾಡಿಗೆ ಮನೆ ಹುಡುಕುವವನ ಚರ್ಮದ ಬಣ್ಣ ಬಾಗಿಲ ಬಳಿ ಏನು ಮಾಡುತ್ತದೆ ಎಂಬುದು ಪ್ರಶ್ನೆ. ವಿಧಾನ ಎಲ್ಲ ಕಡೆ ಒಂದೇ. ಒಂದೇ ಮನೆಗೆ ಇಬ್ಬರು ಹೋಗಬೇಕು. ಒಂದನೆಯವರು ಆ ಊರಲ್ಲಿ ಯಾರ ಕಣ್ಣಿಗೂ ಬೇರೆಯಾಗಿ ಕಾಣದವರಾಗಿರಬೇಕು. ನಲವತ್ತು ನಿಮಿಷದ ನಂತರ ಎರಡನೆಯವರು. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬರಬೇಕು, ದಾರಿಯಲ್ಲಿ ಸಿಕ್ಕರೂ ಪರಿಚಯ ತೋರಿಸಬಾರದು, ಮನೆಯಿಂದ ಹೊರಬಿದ್ದ ಕೂಡಲೇ ತಮ್ಮ ತಮ್ಮ ಫಾರ್ಮು ತುಂಬಬೇಕು. ಕೆಲಸ ಮುಗಿಯುವ ತನಕ ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂಬ ಕಾಗದಕ್ಕೆ ಇಬ್ಬರ ಸಹಿಯೂ ಆಗಿತ್ತು. ಮನೆಯವರ ವಿಳಾಸ ಫಾರ್ಮಿನಲ್ಲಿ ಇರುವುದಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ಮನೆ ಎಂಬ ಪಟ್ಟಿ ನನ್ನ ಬಳಿ ಬೇರೊಂದು ನೋಟುಬುಕ್ಕಿನಲ್ಲಿ ಇತ್ತು.

ನಮ್ಮ ಜಿಲ್ಲೆಯಲ್ಲಿ ಒಂದನೆಯವಳು ನಾನು. ಎರಡನೆಯವನು ಆಫ್ರಿಕಾದ ಒಂದು ದೇಶದಿಂದ ಬಂದು ಬೀದರದಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಹಳೇ ಊರಿನಲ್ಲಿ ಒಬ್ಬ ಮುದುಕ ದರ್ಜಿಯ ಮಹಡಿಯ ಮೇಲೆ ಅವನ ಖೋಲಿ. ಮೂರು ವರ್ಷದಲ್ಲಿ ಅಲ್ಲಿಯ ಉರ್ದುವನ್ನು ಚೆನ್ನಾಗಿ ಕಲಿತಿದ್ದ. ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ. ಮೊದಲ ದಿನವೇ ಹೇಳಿದ್ದ: “ಆಪಾ, ಈ ಊರಲ್ಲಿ ನನ್ನ ಜೊತೆ ಫೋಟೋ ತೆಗೆಸಿಕೊಳ್ಳದವರು ಇಲ್ಲ. ಮನೆ ಕೇಳಿದರೆ ಮಾತ್ರ ಎಲ್ಲರ ಮನೆಯೂ ತುಂಬಿರುತ್ತದೆ.”

ಮೊದಲು ಹೋದದ್ದು ಔರಾದಕ್ಕೆ. ಒಂದನೆಯ ಮನೆಯ ಮಾಲಕ ಬನಿಯನ್ನಿನಲ್ಲಿ ಕೂತು ತೊಗರಿ ಆರಿಸುತ್ತಿದ್ದ. ಖೋಲಿ ನೋಡಬೇಕು ಎಂದೆ.

“ಯಾವ ಊರರೀ?”

“ಖಟಕ ಚಿಂಚೋಳಿ.”

“ಭಾಲ್ಕಿ ಕಡಿ. ಯಾರ ಪೈಕಿ ಆತು?”

ಅವನ ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಬಿಸಿಲು ಜೋರಾಗಿದೆ ಎನ್ನುವ ಹಾಗೆಯೇ ಕೇಳಿದ. ನಾನು ಆ ಊರಿನ ಹೊರಗಿನ ಕೇರಿಯವಳು. ನನ್ನ ಅಡ್ಡಹೆಸರು ಹೇಳಿದರೆ ಸಾಕು, ಅದು ಗೊತ್ತಾಗುತ್ತದೆ. ನಾನು ಬಾಯಿ ತೆರೆದು, ನಮ್ಮೂರ ದೊಡ್ಡ ಮನೆಯವರ ಅಡ್ಡಹೆಸರನ್ನು ಹೇಳಿದೆ. ನಮ್ಮವ್ವ ಅವರ ಹೊಲದಲ್ಲಿ ಕಳೆ ತೆಗೆದವಳು. ಮಾಲಕ ಎದ್ದು ಅಂಗಿ ಹಾಕಿಕೊಂಡು ಖೋಲಿ ತೋರಿಸಿದ. ಅವನ ಹೆಂಡತಿ ಸ್ಟೀಲಿನ ಲೋಟದಲ್ಲಿ ನೀರು ತಂದಳು.

ಒಂದನೆಯವರು ಬೇರೆಯಾಗಿ ಕಾಣಬಾರದು ಎಂದು ವಿಧಾನದಲ್ಲಿ ಇದೆ, ಅದನ್ನೇ ಪಾಲಿಸಿದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ. ಫಾರ್ಮಿನಲ್ಲಿ “ಖೋಲಿ ತೋರಿಸಿದರು” ಎಂದು ಬರೆದೆ. ವಿದ್ಯಾರ್ಥಿಗೆ ಅದೇ ಮಾಲಕ, ಕೂತಲ್ಲಿಂದ ಏಳದೆ, ಖೋಲಿ ನಿನ್ನೆಯೇ ಹೋಯಿತು ಎಂದಿದ್ದ. ಎರಡು ಫಾರ್ಮುಗಳ ನಡುವೆ ಸ್ಪಷ್ಟ ವ್ಯತ್ಯಾಸ ಇತ್ತು. ಮುಂದಿನ ಮನೆಗಳಲ್ಲೂ ಅದೇ ಅಡ್ಡಹೆಸರು ಹೇಳಿದೆ. ಎರಡನೆಯ ಸಲ ಹೇಳುವಾಗ ನಾಲಿಗೆ ತಡವರಿಸಲಿಲ್ಲ.

ಔರಾದದ ಮನೆಗಳು ಮುಗಿದ ಮೇಲೆ ಬೀದರದ ಹೊಸ ಬಡಾವಣೆಗಳು. ಅಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಮೊದಲು ಗೊತ್ತಾದದ್ದು ಝೆರಾಕ್ಸ್ ಅಂಗಡಿಯಲ್ಲಿ. ಫಾರ್ಮಿನ ಪ್ರತಿ ತೆಗೆಸುತ್ತಿದ್ದೆ. ಅಂಗಡಿಯವನು ಕಾಗದ ಹಾಕುತ್ತಲೇ ಫೋನನ್ನು ನನ್ನ ಕಡೆ ತಿರುಗಿಸಿದ.

“ಇಂವನ್ನ ಎಲ್ಲ್ಯಾರ ನೋಡೀರೇನ್ರಿ ಮೇಡಂ? ನಮ್ಮ ಕಾಲೊನಿ ಗ್ರೂಪಿನ್ಯಾಗ ಬಂದದ. ಮನಿ ಮನಿ ಮುಂದ ನಿಂತು ಬರಕೊಂಡು ಹೋಗ್ಲತ್ತಾನಂತ.”

ಫೋಟೋ ಯಾವುದೋ ಮಹಡಿಯಿಂದ ತೆಗೆದದ್ದು. ವಿದ್ಯಾರ್ಥಿ ರಸ್ತೆಯ ತಿರುವಿನಲ್ಲಿ ನಿಂತು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದಾನೆ. ಅವನು ತುಂಬುತ್ತಿದ್ದದ್ದು ನನ್ನ ಫಾರ್ಮು. ಅದೇ ತಿರುವಿನಲ್ಲಿ ನಲವತ್ತು ನಿಮಿಷ ಮುಂಚೆ ನಿಂತು ನಾನೂ ಬರೆದಿದ್ದೆ. ನನ್ನ ಫೋಟೋ ಯಾರೂ ತೆಗೆದಿರಲಿಲ್ಲ.

“ಓದೋ ಹುಡುಗ ಇರಬೇಕರಿ,” ಎಂದೆ.

“ಇರಬಹುದರಿ. ಹಬ್ಶಿ ಮಂದಿದು ಯಾರಿಗೇನು ಗೊತ್ತು? ಹೊಳ್ಳಿಸಿ ತೆಗೀಲೇನು, ಎರಡೂ ಕಡಿ?”

ನೂರಾರು ವರ್ಷಗಳ ಹಿಂದೆ ಆ ಖಂಡದಿಂದ ಬಂದು ಇಲ್ಲಿಯ ಸುಲ್ತಾನರ ಸೈನ್ಯದಲ್ಲಿದ್ದವರನ್ನು ಹಬ್ಶಿಗಳು ಎನ್ನುತ್ತಿದ್ದರು. ಊರ ಹೊರಗೆ ಅವರ ಹೆಸರಿನ ದಿನ್ನೆಯೂ ಗೋರಿಗಳೂ ಇವೆ. ಬೀದರದವರಿಗೆ ಅದು ಪರಕೀಯ ಪದವಲ್ಲ. ಆ ದಿನ ಅಂಗಡಿಯಲ್ಲಿ ಮಾತ್ರ ನನಗೆ ಅದು ಬೇರೆ ಥರ ಕೇಳಿಸಿತು.

ಕೆಲಸ ಅಲ್ಲಿಗೇ ನಿಲ್ಲಿಸಬೇಕಿತ್ತು. ಭಾಲ್ಕಿಯಲ್ಲಿ ಒಂದು ದಿನದ ಕೆಲಸ ಉಳಿದಿತ್ತು. ಬೀದರದಲ್ಲಿ ತಾನೇ ಫೋಟೋ ಓಡಾಡುತ್ತಿರುವುದು, ಭಾಲ್ಕಿ ಬೇರೆ ಊರು ಎಂದುಕೊಂಡೆ. ವಿದ್ಯಾರ್ಥಿಗೆ ಫೋಟೋದ ವಿಷಯ ಹೇಳಿದೆ. ಒಂದೇ ದಿನ ತಾನೆ ಎಂದ. ಅವನು ಒಪ್ಪಿದ ಎಂದು ಬರೆದಿಟ್ಟುಕೊಂಡೆ.

ಭಾಲ್ಕಿಯ ಆ ಮನೆ ನಮ್ಮ ಪಟ್ಟಿಯಲ್ಲಿ ಹದಿನಾಲ್ಕನೆಯದು, ಕೊನೆಯದು. ಮನೆಯೊಡತಿ ಐವತ್ತು ದಾಟಿದ ಹೆಂಗಸು, ಒಬ್ಬರೇ ಇರುತ್ತಿದ್ದರು. ಖೋಲಿ ಕೇಳಿ ಬಂದವರ ಹೆಸರು, ಊರು, ಗಂಟೆ ಬರೆಸಿಕೊಳ್ಳಲು ಒಂದು ಉದ್ದನೆಯ ನೋಟುಬುಕ್ಕು ಇಟ್ಟಿದ್ದರು.

“ಬ್ಯಾಸರ ಮಾಡ್ಕೋಬ್ಯಾಡ ತಂಗಿ. ಹಿಂದಿನಾಂವ ಹೇಳದೇ ಕೇಳದೇ ಹೋದ. ಗ್ವಾಡಿ ತುಂಬ ಮೊಳಿ ಹೊಡದು ಜರಡಿ ಮಾಡಿಟ್ಟು ಹೋಗ್ಯಾನ.”

ಊರು ಚಿಂತಾಕಿ ಎಂದು ಬರೆದೆ. ಖಟಕ ಚಿಂಚೋಳಿ ಭಾಲ್ಕಿಗೆ ಹತ್ತಿರ, ಅವರಿಗೆ ನಮ್ಮೂರಲ್ಲಿ ಬಳಗ ಇರಬಹುದು ಎಂಬ ಅಳುಕು. ಅಡ್ಡಹೆಸರು ಅದೇ. ಗಂಟೆ ಹತ್ತು ನಲವತ್ತು. ಅವರು ಅಡ್ಡಹೆಸರು ಓದಿ ನಕ್ಕರು.

“ನಮ್ಮವರೇ ಆದ್ರಿ. ಒಳಗ ಬಾ.”

ಅಡುಗೆಮನೆಯ ಹೊಸ್ತಿಲ ಒಳಗೆ ಕೂರಿಸಿ, ಚಿನ್ನದ ಅಂಚಿನ ಕಪ್ಪಿನಲ್ಲಿ ಚಹಾ ಕೊಟ್ಟರು. ನಳ ಬರುವ ಹೊತ್ತಾಯಿತು ಎಂದು ಮಧ್ಯೆ ಮಧ್ಯೆ ಅಂಗಳದ ಕಡೆ ಕಿವಿಗೊಡುತ್ತಿದ್ದರು. ಆ ಗಲ್ಲಿಗೆ ದಿನಾ ನಳ ಬರುವುದಿಲ್ಲ. ನಾನು ಹೊರಟಾಗ ಕೊಡಗಳನ್ನು ಸಾಲಾಗಿ ಇಟ್ಟಿದ್ದರು.

ವಿದ್ಯಾರ್ಥಿಯ ಫಾರ್ಮು ಹೀಗಿದೆ. ಗಂಟೆ: ಹನ್ನೊಂದು ಇಪ್ಪತ್ತು. ಮೊದಲ ಮಾತು: ಏನು ಬೇಕು. ಖೋಲಿ: ತೋರಿಸಲಿಲ್ಲ. ಕಾರಣ: ಇಲ್ಲಿ ನೀರಿನ ತೊಂದರೆ ಬಹಳ ಇದೆ. ನೀರು: ಗೇಟಿನ ಹೊರಗೆ ನಿಲ್ಲಿಸಿ, ಮೇಲಿನಿಂದ ಬೊಗಸೆಗೆ ಹೊಯ್ದರು, ತೋಳು ಒದ್ದೆಯಾಯಿತು. ಕೆಳಗೆ ತಾನಾಗಿ ಒಂದು ಸಾಲು ಸೇರಿಸಿದ್ದ: ಒಳಗೆ ನಳದ ನೀರು ಬೀಳುವ ಸದ್ದು ಕೇಳುತ್ತಿತ್ತು.

ಅದೇ ದಿನ ಹನ್ನೊಂದೂವರೆಯ ಸುಮಾರಿಗೆ ಬೀದರದ ಬಡಾವಣೆಯೊಂದರಲ್ಲಿ ಒಬ್ಬ ಹೆಂಗಸಿನ ಕೊರಳ ಸರವನ್ನು ಯಾರೋ ಕಿತ್ತುಕೊಂಡು ಓಡಿದರು. ಹಿಂದಿನಿಂದ ಬಂದವನ ಮುಖ ಆಕೆ ನೋಡಿರಲಿಲ್ಲ. ಕಪ್ಪಗಿದ್ದ ಎಂದಳು. ಅಷ್ಟು ಸಾಕಾಯಿತು, ಫೋಟೋ ಮೊದಲೇ ಎಲ್ಲರ ಫೋನಿನಲ್ಲಿ ಇತ್ತು.

ಮಧ್ಯಾಹ್ನ ಮೂರಕ್ಕೆ ನನಗೆ ಅವನ ಫೋನು ಬಂತು. “ಆಪಾ, ಗಲ್ಲಿಯಲ್ಲಿ ಜನ ಸೇರಿದ್ದಾರೆ. ನೀನು ಬರಬೇಡ.” ಅಷ್ಟೇ ಹೇಳಿ ಇಟ್ಟ.

ಹೋದೆ. ಮೂವತ್ತು ನಲವತ್ತು ಜನ ಇದ್ದರು, ಹೆಚ್ಚಿನವರು ಬಡಾವಣೆಯಿಂದ ಬಂದವರು. ಕೂಗಾಟ ಇರಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. ಕೆಲವರು ಮೆಟ್ಟಿಲ ಕಡೆಯ ಬಾಗಿಲು ಹೊಸದೋ ಹಳೆಯದೋ ಎಂದು ಮಾತಾಡಿಕೊಳ್ಳುತ್ತಿದ್ದರು. ಮುದುಕ ದರ್ಜಿ ಹೊಲಿಗೆ ಯಂತ್ರದ ಸ್ಟೂಲನ್ನು ಹೊಸ್ತಿಲಿಗೆ ಅಡ್ಡ ಹಾಕಿಕೊಂಡು ಕೂತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು.

“ಚಾಚಾ, ನಿಮ್ಮ ಹಬ್ಶಿನ ಜರಾ ಹೊರಗ ಕಳಸ್ರಿ,” ಎಂದ ಒಬ್ಬ. “ಅಳತಿ ನಾವೇ ತಗೋತೇವಿ.”

ಕೆಲವರು ನಕ್ಕರು.

“ಪೊಲೀಸ್ ಆನೇ ತಕ್ ಕೋಯಿ ಅಂದರ್ ನಕ್ಕೋ ಜಾವ್,” ಎಂದ ದರ್ಜಿ. ಪೊಲೀಸರು ಬರುವ ತನಕ ಯಾರೂ ಒಳಗೆ ಹೋಗಕೂಡದು. ಅದನ್ನೇ ಮೂರು ಸಲ, ದನಿ ಏರಿಸದೆ ಹೇಳಿದ.

ಹವಾಲ್ದಾರರು ಬಂದರು. ನಿವೃತ್ತಿ ಹತ್ತಿರ ಬಂದ ವಯಸ್ಸು, ನಿಧಾನ ನಡಿಗೆ. ವಿದ್ಯಾರ್ಥಿಯನ್ನು ಕೆಳಗೆ ಕರೆಸಿ ತಮ್ಮ ಹಿಂದೆ ನಿಲ್ಲಿಸಿಕೊಂಡು ಕೇಳಿದರು. ಬೆಳಿಗ್ಗೆ ಎಲ್ಲಿದ್ದೆ? ಭಾಲ್ಕಿಗೆ ಹೋಗಿದ್ದೆ. ಯಾಕೆ? ಹೇಳಲಾರೆ. ಯಾರ ಮನೆಗೆ? ಹೇಳಲಾರೆ. ಜೊತೆಗೆ ಯಾರಿದ್ದರು?

ಅವನು ತಲೆಯೆತ್ತಿ ಜನರ ಕಡೆ ನೋಡಿದ. ನಾನು ಎರಡನೆಯ ಸಾಲಿನಲ್ಲಿ ನಿಂತಿದ್ದೆ. ಅವನ ಕಣ್ಣು ನನ್ನ ಮೇಲೆ ಬಂತು, ಲೈಟಿನ ಕಂಬದ ಮೇಲಿಂದ ಸರಿದ ಹಾಗೆ ಸರಿದು ಮುಂದೆ ಹೋಯಿತು. ದಾರಿಯಲ್ಲಿ ಸಿಕ್ಕರೂ ಪರಿಚಯ ತೋರಿಸಬಾರದು. ಅದನ್ನು ಅವನಿಗೆ ಓದಿ ಹೇಳಿ ಸಹಿ ಮಾಡಿಸಿಕೊಂಡವಳು ನಾನು.

“ಯಾರೂ ಇಲ್ಲ,” ಎಂದ.

ನಾನು ಬದಿಗೆ ಹೋಗಿ ನಮ್ಮ ಮಾರ್ಗದರ್ಶಕರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮನೆಯವರ ಗುರುತು ಬಿಟ್ಟುಕೊಡುವಂತಿಲ್ಲ, ಅಧ್ಯಯನದ ನೀತಿ ಸಮಿತಿಯ ಮುಂದೆ ಇಡಬೇಕು, ಎರಡು ದಿನ ಕೊಡಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರು ಮಾತಾಡುತ್ತಿರುವಾಗಲೇ ದರ್ಜಿಯ ಮನೆಯ ತಗಡಿನ ಮೇಲೆ ಒಂದು ಕಲ್ಲು ಬಿತ್ತು. ಚಿಕ್ಕ ಕಲ್ಲು. ಇಷ್ಟು ದೂರ ಬೀಳುತ್ತದೋ ನೋಡೋಣ ಎಂದು ಎಸೆದ ಹಾಗಿತ್ತು. ನಾನು ಫೋನು ಇಟ್ಟು ಹವಾಲ್ದಾರರ ಬಳಿ ಹೋದೆ.

“ಇವನು ನನ್ನ ಜೊತೆ ಕೆಲಸ ಮಾಡ್ತಾನ್ರಿ. ಬೆಳಿಗ್ಗೆ ನಾವಿಬ್ಬರೂ ಭಾಲ್ಕಿಯೊಳಗ ಇದ್ವಿ.”

ವಿದ್ಯಾರ್ಥಿ ನೆಲ ನೋಡಿದ. ಹಿಂದಿನಿಂದ ಯಾರೋ, “ಈಗ ಅಕ್ಕನೂ ಹುಟ್ಟಿಬಂದಳು ನೋಡಪಾ,” ಎಂದರು.

ಠಾಣೆಯಲ್ಲಿ ಹವಾಲ್ದಾರರು ನಮ್ಮ ಫಾರ್ಮುಗಳನ್ನು ಒಂದೊಂದಾಗಿ ಓದಿದರು. ನನ್ನ ಬಸ್ ಟಿಕೇಟು, ಹೆಂಗಸರಿಗೆ ಕೊಡುವ ಶೂನ್ಯ ದರದ್ದು, ಫಾರ್ಮಿಗೆ ಅಂಟಿಸಿತ್ತು. ಅವನದನ್ನು ಅವನು ಎಸೆದಿದ್ದ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಟಿಕೇಟಿನ ಮೇಲೆ ಮುಖ ಇರುವುದಿಲ್ಲ. ಬೇರೆ ಬಸ್ಸಿನಲ್ಲಿ ಬಂದ ನಾನು ಅವನನ್ನು ನೋಡಿದೆ ಎಂದು ಹೇಳಲೂ ಆಗದು.

“ಮೇಡಂ, ಇವು ನೀವೇ ಬರಕೊಂಡ ಕಾಗದ. ಹೊರಗಿನವರು ಒಬ್ಬರು ಹೇಳ್ಬೇಕು, ಆ ಹೊತ್ತಿಗಿ ಇಂವ ನಮ್ಮ ಮನಿ ಮುಂದ ಇದ್ದ ಅಂತ. ಇಲ್ಲಂದ್ರ ನಾಳಿ ಸಂಜಿಗಿ ಕೇಸ್ ಬೀಳ್ತದ. ಪರದೇಶದಾಂವ, ಕೇಸ್ ಬಿದ್ರ ಓದೂ ಹೋತು, ವೀಸಾನೂ ಹೋತು.”

“ಒಬ್ಬರಿದ್ದಾರ್ರಿ,” ಎಂದೆ. ಬೇರೆ ನೋಟುಬುಕ್ಕು ತೆಗೆದು ಹದಿನಾಲ್ಕನೆಯ ಸಂಖ್ಯೆಯ ಮುಂದಿನ ವಿಳಾಸ ಓದಿದೆ. ಗೇಟಿನ ಹೊರಗೇ ನಿಲ್ಲಿಸಿದ ಅವನಿಂದ ಏನೂ ಬರೆಸಿಕೊಂಡಿರಲಿಲ್ಲ, ಆದರೆ ಅವರ ಮನೆಯ ನೋಟುಬುಕ್ಕಿನಲ್ಲಿ ನನ್ನ ಹೆಸರೂ ಗಂಟೆಯೂ ಇದೆ ಎಂದೂ ಹೇಳಿದೆ.

ಹವಾಲ್ದಾರರು ನನ್ನ ಆಧಾರ್ ಕಾರ್ಡಿನ ಪ್ರತಿ ತೆಗೆದುಕೊಂಡರು. “ಛಲೋ ಆತು. ಆ ಬುಕ್ಕಿನ ಹೆಸರು, ಈ ಆಧಾರಿನ ಹೆಸರು ಎರಡೂ ಕೂಡಿದ್ರ ನಿಮ್ಮ ಮಾತಿಗಿ ತೂಕ ಬರ್ತದ. ಹುಡುಗ ಇವತ್ತು ಇಲ್ಲೇ ಕೂಡಲಿ. ಹೊರಗಿಂತ ಒಳಗ ಛಲೋ ಅದ ಅಂವಗ.”

ಎರಡೂ ಕೂಡುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಬೆಳಿಗ್ಗೆ ಭಾಲ್ಕಿಯ ಬಸ್ಸಿನಲ್ಲಿ, ಅರ್ಧ ದಾರಿಯಲ್ಲಿ ಹೇಳಿದೆ. ಹವಾಲ್ದಾರರು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು.

“ಸುಳ್ಳು ಹೆಸರು ಯಾಕ ಬರದ್ರಿ?”

“ಖರೆ ಹೆಸರಿಗಿ ಖೋಲಿ ಸಿಗಂಗಿಲ್ರಿ.”

ಬಸ್ಸಿನಿಂದ ಇಳಿಯುವಾಗ ಅವರು ಹೇಳಿದರು: “ಆಕಿಗಿ ನೀವೇ ಹೇಳ್ರಿ. ನಾ ಹೇಳಿದ್ರ ಪೊಲೀಸ್ನಾಂವ ಹೇಳ್ದಂಗ ಆಗ್ತದ. ಹೇಳಿದ ಮ್ಯಾಲ ಆಕಿ ಬಾಗಿಲಾ ಹಾಕಿದ್ರ ನನ್ನ ಕೈಯಾಗ ಏನೂ ಇಲ್ಲ.”

ಮನೆಯೊಡತಿ ನನ್ನನ್ನು ಕಂಡು ಸಂತೋಷಪಟ್ಟರು. “ಬಾ ತಂಗಿ. ಖೋಲಿ ನಿನಗೇ ಅಂತ ಇಟ್ಟೀನಿ,” ಎಂದವರು ಹಿಂದಿದ್ದ ಖಾಕಿ ಬಟ್ಟೆ ನೋಡಿ ಮಾತು ನಿಲ್ಲಿಸಿದರು. ನಾನು ಹೊಸ್ತಿಲ ಹೊರಗೆ ನಿಂತೇ ಹೇಳಿದೆ. ಖೋಲಿ ಬೇಕಾಗಿರಲಿಲ್ಲ, ಇದು ಅಧ್ಯಯನ. ನನ್ನ ನಂತರ ಬಂದ ಹುಡುಗ ನಮ್ಮವನು, ಮಾಡದ ತಪ್ಪಿಗೆ ಕೂತಿದ್ದಾನೆ. ನಿಮ್ಮ ಬುಕ್ಕಿನಲ್ಲಿ ಬರೆದ ಅಡ್ಡಹೆಸರು ನನ್ನದಲ್ಲ, ಊರೂ ನನ್ನದಲ್ಲ. ನನ್ನ ಊರು ಇದು, ನನ್ನ ಹೆಸರು ಇದು.

ಅವರು ನನ್ನ ಮುಖ ನೋಡಲಿಲ್ಲ. ಒಳಗೆ ಅಡುಗೆಮನೆಯ ಕಡೆ ನೋಡಿದರು. ಹಿಂದಿನ ದಿನ ನಾನು ಕೂತ ಜಾಗದ ಕಡೆ. ಎಷ್ಟು ಹೊತ್ತು ಎಂದು ಹೇಳಲಾರೆ, ಆ ದಿನ ಗಂಟೆ ಬರೆದುಕೊಳ್ಳಲಿಲ್ಲ.

“ಆ ಕರಿ ಹುಡುಗ ಬಂದಿದ್ದ,” ಎಂದು ಕೊನೆಗೆ ಹವಾಲ್ದಾರರಿಗೆ ಹೇಳಿದರು.

“ಎಷ್ಟಕ್ಕರಿ ಬಾಯೋರೆ?”

“ಹನ್ನೊಂದರ ಮ್ಯಾಲ. ನಳ ಬಂದಿತ್ತು. ನಾ ಕೊಡ ತುಂಬೋದು ಬಿಟ್ಟು ಗೇಟಿಗಿ ಬಂದೆ. ನಳ ಬಿಟ್ಟ ಹೊತ್ತು ಗಲ್ಲಿಯಾಗ ಯಾರಿಗಿ ಬೇಕಾದ್ರೂ ಕೇಳ್ರಿ. ನೀರು ಕೇಳಿದ, ಹೊಯ್ದೆ. ಅಂಗಿ ತೊಯ್ತು ಅಂವಂದು.”

“ಖೋಲಿ ಕೊಡಲಿಲ್ಲ?”

“ನೀರಿಂದು ತೊಂದರಿ ಅದ ಅಂದೆ.”

ಹವಾಲ್ದಾರರು ಎಲ್ಲವನ್ನೂ ಹಾಗೆಯೇ ಬರೆದುಕೊಂಡರು, ನಳವನ್ನೂ ತೊಂದರೆಯನ್ನೂ ಒಂದರ ಕೆಳಗೆ ಒಂದು. ಓದಿ ಹೇಳಿದರು. ಮನೆಯೊಡತಿ ಸಹಿ ಮಾಡಿದರು. ಸುಳ್ಳು ಹೇಳಬಹುದಿತ್ತು, ಯಾರೂ ಬಂದಿರಲಿಲ್ಲ ಎನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ ಎಂಬುದನ್ನು ನಾನು ಇಲ್ಲಿ ಬರೆಯಲೇಬೇಕು.

ಆಮೇಲೆ ಚಹಾ ಬಂತು. ಹವಾಲ್ದಾರರಿಗೆ ಚಿನ್ನದ ಅಂಚಿನ ಕಪ್ಪಿನಲ್ಲಿ, ನನಗೆ ಕಾಗದದ ಲೋಟದಲ್ಲಿ.

“ತಗೋರಿ, ಆರ್ತದ,” ಎಂದರು ನನಗೆ. ಹಿಂದಿನ ದಿನದಿಂದ ನಾನು ಅವರಿಗೆ ತಂಗಿ ಆಗಿದ್ದೆ. ಅದು ಅಲ್ಲಿಗೆ ಮುಗಿಯಿತು. ಹವಾಲ್ದಾರರು ನನ್ನ ಲೋಟ ನೋಡಿದರು, ತಮ್ಮ ಕಪ್ಪು ನೋಡಿದರು, ಬಿಸಿಯಾಗಿಯೇ ಬೇಗ ಕುಡಿದು ಎದ್ದರು. ಗೇಟು ದಾಟುವಾಗ ನಾನು ಕಾಗದದ ಲೋಟವನ್ನು ಎಲ್ಲಿ ಹಾಕಲಿ ಎಂದು ಕೇಳಿದೆ. “ಹೊರಗ,” ಎಂದರು.

ವಿದ್ಯಾರ್ಥಿಯನ್ನು ಸಂಜೆಯೊಳಗೆ ಬಿಟ್ಟರು. ಸರ ಕಿತ್ತವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಫೋಟೋ ಈಗಲೂ ಫೋನುಗಳಲ್ಲಿ ಇರಬೇಕು. ದರ್ಜಿಯ ಮನೆಯ ಮಹಡಿಯಲ್ಲೇ ಅವನು ಉಳಿದ. ಆದರೆ ಬಡಾವಣೆಯ ದಾರಿ ಬಿಟ್ಟು, ಸುತ್ತು ಹಾಕಿ ಕಾಲೇಜಿಗೆ ಹೋಗುತ್ತಾನೆ.

ಠಾಣೆಯ ಹೊರಗೆ ಅವನಿಗೆ ಎಲ್ಲ ಹೇಳಿದೆ, ಅಡ್ಡಹೆಸರಿನ ವಿಷಯವನ್ನೂ. ಅವನು ತನ್ನ ಊರಿನದೊಂದು ಹೇಳಿದ. ಅಲ್ಲಿ ಒಂದು ಕುಲದವರ ಅಜ್ಜಂದಿರು ಗುಲಾಮರಾಗಿದ್ದರಂತೆ. ಬಣ್ಣದಲ್ಲಿ, ಮಾತಿನಲ್ಲಿ ಇವನ ಮನೆಯವರಿಗೂ ಅವರಿಗೂ ಏನೂ ವ್ಯತ್ಯಾಸವಿಲ್ಲ. ಇವನ ಅಜ್ಜಿ ಅವರಿಗಾಗಿ ಒಂದು ಸೋರೆಬುರುಡೆಯನ್ನು ಬೇಲಿಗೆ ತೂಗುಹಾಕಿರುತ್ತಿದ್ದಳಂತೆ.

“ನಾನೂ ಅದರಲ್ಲೇ ನೀರು ಕೊಟ್ಟಿದ್ದೇನೆ ಆಪಾ,” ಎಂದ. “ನಿನ್ನ ಫಾರ್ಮಿನಲ್ಲಿ ನೀರಿನ ಕಾಲಮ್ಮು ನೋಡಿದ ದಿನವೇ ನೆನಪಾಗಿತ್ತು. ಹೇಳಲಿಲ್ಲ.”

ನಾಲ್ಕೂ ತಂಡಗಳ ವಿಡಿಯೋ ಕರೆಯಲ್ಲಿ ನಾನು ನಡೆದದ್ದನ್ನು ಒಪ್ಪಿಕೊಂಡೆ. ಹದಿನಾಲ್ಕನೆಯ ಮನೆಯನ್ನು ಕೋಷ್ಟಕದಿಂದ ತೆಗೆದುಬಿಡೋಣ ಎಂದರು, ಒಂದನೆಯವರ ಫಾರ್ಮು ಕೆಟ್ಟಿದೆ. ಹದಿನಾಲ್ಕು ಮನೆಗಳಲ್ಲೂ ಅದೇ ಹೆಸರು ಹೇಳಿದ್ದೇನೆ ಎಂದೆ. ಯಾರ ಕಣ್ಣಿಗೂ ಬೇರೆಯಾಗಿ ಕಾಣದ ಒಬ್ಬರನ್ನು ಇಲ್ಲಿ ಎಲ್ಲಿಂದ ತರಲಿ ಎಂದು ಕೇಳಿದೆ. ಬಣ್ಣ ಗೇಟಿನಲ್ಲೇ ಕಾಣುತ್ತದೆ, ನಮ್ಮ ಅಡ್ಡಹೆಸರು ಗೇಟು ದಾಟಿದ ಮೇಲಿನ ಪ್ರಶ್ನೆ. ಮೊದಲ ಮನೆಯಿಂದ ಮತ್ತೆ ಮಾಡುತ್ತೇನೆ ಎಂದೆ, ನಾನು ಒಬ್ಬಳೇ, ನನ್ನ ಹೆಸರಿನಲ್ಲಿ. ಈ ಸಲ ಮನೆಯವರಿಗೆ ಕೊನೆಗೆ ಇದು ಅಧ್ಯಯನವೆಂದು ಹೇಳಿಯೇ ಹೊರಡುತ್ತೇನೆ. ಮಾರ್ಗದರ್ಶಕರು ಒಪ್ಪಲು ಒಂದು ತಿಂಗಳು ಹಿಡಿಯಿತು.

ಔರಾದದ ಮಾಲಕ ಅದೇ ಜಾಗದಲ್ಲಿ ಕೂತಿದ್ದ. ಖೋಲಿ ಇನ್ನೂ ಖಾಲಿ ಇತ್ತು, ಬಾಗಿಲಿಗೆ ಬಾಡಿಗೆಗಿದೆ ಎಂದು ಬರೆದು ಅಂಟಿಸಿದ ಕಾಗದವೂ ಹಾಗೆಯೇ. ನನ್ನ ಗುರುತು ಹಿಡಿದ.

“ಬರ್ರಿ, ಬರ್ರಿ. ಭಾಳ ದಿನಾ ಮಾಡಿದ್ರಿ. ಖೋಲಿ ಹಂಗೇ ಅದ.”

“ಅವತ್ತು ನಾ ಹೇಳಿದ ಹೆಸರು ನಂದಲ್ಲರಿ,” ಎಂದು, ನನ್ನ ಅಡ್ಡಹೆಸರು ಹೇಳಿದೆ. ನೀರು ಕೇಳಿದೆ.

ಅವನು ಸಿಟ್ಟಾಗಲಿಲ್ಲ. ಮುಂದಿದ್ದ ಮೊರವನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡ. ಹಿತ್ತಲಲ್ಲಿ ಅವನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು, ನೀರು ಚರಂಡಿಗೆ ಹರಿದುಬರುತ್ತಿತ್ತು.

“ಖೋಲಿ ಅದರಿ,” ಎಂದ. “ಆದ್ರ ಇಲ್ಲಿ ನೀರಿಂದು ಭಾಳ ತೊಂದರಿ ಅದ.”

ಹೊರಗೆ ಬಂದು ತಿರುವಿನಲ್ಲಿ ನಿಂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ಎದುರು ಮನೆಯ ಮಹಡಿಯಲ್ಲಿ ಯಾರೋ ಫೋನು ಹಿಡಿದು ನಿಂತಿದ್ದರು.